ಉಪಕಾಲುವೆಗೆ ಬಂದ ಜಾವಾ

ಸಿಂಧನೂರು
8 ಆಗಸ್ಟ್ 1999

ಪಂಪಣ್ಣ,

ನಿನ್ನ ಟೈಪಿಂಗ್ ಟೀಚರ್ ಅಮರಮ್ಮ ಬರೆಯುತ್ತಿದ್ದೇನೆ. ಹತ್ತು ಬೆರಳು ಬಳಸು ಎಂದು ಎಷ್ಟು ಬೈದರೂ ಎರಡೇ ಬೆರಳಲ್ಲಿ ಕುಟ್ಟುತ್ತಿದ್ದವನು ನೀನು. ಈಗ ಲಿಂಗಸುಗೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತೀಯಂತೆ. ಕೇಳಿ ಸಂತೋಷವಾಯಿತು. ನಿನ್ನ ವಿದ್ಯಾರ್ಥಿಗಳ ಬಗ್ಗೆ ಮರುಕವೂ ಆಯಿತು.

ಕೆಲಸದ ಮಾತಿಗೆ ಬರುತ್ತೇನೆ. ವಳಕಮದಿನ್ನಿಯಲ್ಲಿರುವ ನನ್ನ ತವರಿನ ಹೊಲ ಉಪಕಾಲುವೆಯ ಕಟ್ಟಕಡೆಗಿದೆ. ತಮ್ಮ ಆದೆಪ್ಪ ಅಲ್ಲಿ ಭತ್ತ ಬೆಳೆಯುತ್ತಾನೆ. ತೆನೆ ಕಟ್ಟುವ ಹೊತ್ತಿಗೆ ಕಾಲುವೆಯಲ್ಲಿ ನೀರು ಇಳಿಯುತ್ತದೆ. ಆಗ ನೀರು ಬಳಕೆದಾರರ ಸಂಘದವರು ಯಾರಿಗೆ ಯಾವ ದಿನ, ಎಷ್ಟು ಹೊತ್ತು ನೀರು ಎಂದು ಪಾಳಿ ಹಾಕುತ್ತಾರೆ. ಗುಮಾಸ್ತರು ಕೈಯಲ್ಲೇ ಬರೆಯುತ್ತಾರೆ. ನಡುವೆ ನೀರು ಬಂದ್ ಆಯಿತೆಂದರೆ ಪಾಳಿಯೆಲ್ಲ ಮುಂದಕ್ಕೆ ಹೋಗಿ, ಹೊಸದಾಗಿ ಬರೆಯಲು ವಾರ ಹಿಡಿಯುತ್ತದೆ. ಆ ವಾರ ತೋಳಿನಲ್ಲಿ ಬಲವಿದ್ದವನದೇ ನೀರು. ಹೋದ ವರ್ಷ ಮೇಲಿನ ಹೊಲದ ಗಿಡ್ಡಪ್ಪನಿಗೂ ನನ್ನ ತಮ್ಮನಿಗೂ ತೂಬಿನ ಹತ್ತಿರ ಹೊಡೆದಾಟವಾಗಿ ಆದೆಪ್ಪನ ಕೈ ಮುರಿಯಿತು. ಅರ್ಧ ಬೆಳೆ ಜೊಳ್ಳಾಯಿತು.

ಮೊನ್ನೆ ಸಂಘದ ಮೀಟಿಂಗಿಗೆ ನಾನೂ ಹೋಗಿದ್ದೆ. ತಡೆಯಲಾಗದೆ ಎದ್ದು ನಿಂತು ಹೇಳಿದೆ: “ಪಾಳಿ ಕಂಪ್ಯೂಟರ್ ಹಾಕಲಿ. ನೀರು ಬಂದ್ ಆದ್ರ ಅವತ್ತ ಸಂಜೀಕ ಹೊಸಾ ಚೀಟಿ ನಾ ಕೊಡ್ತೀನಿ.”

ಗಿಡ್ಡಪ್ಪ ನಕ್ಕ. “ತಮ್ಮನ ಹೊಲಕ್ಕ ನೀರು ತಿರುವಾಕ ಹೊಸಾ ದಾರಿ ಹುಡುಕ್ಯಾಳ ನೋಡ್ರಿ!”

ಆದರೂ ಒಪ್ಪಿದರು. ದೀಪಾವಳಿ ಆದಮೇಲಿನ ಪಾಳಿ ನನ್ನದು. ಕೆಟ್ಟರೆ ಪಾಳಿಯ ಮಾತನ್ನೇ ಎತ್ತುವುದಿಲ್ಲವಂತೆ, ನೀರು ಯಾರು ಹಿಡಿದರೆ ಅವರದು. ಹಾಗಾದರೆ ನನ್ನ ತಮ್ಮನ ಹೊಲಕ್ಕೆ ಹನಿ ನೀರು ಬರುವುದಿಲ್ಲ.

ಕಂಪ್ಯೂಟರ್ ಕೊಂಡಿದ್ದೇನೆ, ಒಳ್ಳೆಯ ಮಷಿನ್. ಪ್ರೋಗ್ರಾಂ ನೀನು ಬರೆಯಬೇಕು. ಹೊಲಗಳ ಲೆಕ್ಕ ಇದರ ಜೊತೆಗಿಟ್ಟಿದ್ದೇನೆ. ಆಗುತ್ತದೋ ಇಲ್ಲವೋ ನೇರ ಹೇಳು.

ಅಮರಮ್ಮ

*

ಲಿಂಗಸುಗೂರು
17 ಆಗಸ್ಟ್ 1999

ಪೂಜ್ಯ ಟೀಚರ್ ಅವರಿಗೆ ಪಂಪಣ್ಣನ ನಮಸ್ಕಾರಗಳು.

ಆಗುತ್ತದೆ ಟೀಚರ್! ಆಗದೆ ಏನು? ಎರಡು ಬೆರಳಿನವನ ಕೈಗುಣ ನೀವು ನೋಡಬೇಕು.

ನಾನು ಜಾವಾ ಎಂಬ ಭಾಷೆ ಕಲಿತಿದ್ದೇನೆ. ಈಗ ಊರೆಲ್ಲ ಅದರದೇ ಮಾತು. ಇದರಲ್ಲಿ ಒಮ್ಮೆ ಬರೆದರೆ ಯಾವ ಕಂಪ್ಯೂಟರಿನಲ್ಲಾದರೂ ಓಡುತ್ತದೆ. ನಿಮ್ಮದು ಒಳ್ಳೆಯ ಮಷಿನ್ ಎಂದಿರಲ್ಲ, ಮತ್ತೆ ಕೇಳುವುದೇ ಬೇಡ. ನೀವು ಕಳಿಸಿದ ಹೊಲಗಳ ಲೆಕ್ಕ ಇಟ್ಟುಕೊಂಡು ಕೆಲಸ ಶುರುಮಾಡಿದ್ದೇನೆ. ಪರದೆಯ ಮೇಲೆ ಬಣ್ಣದ ಕಿಟಕಿ ತೆರೆಯುತ್ತದೆ, ಅದರಲ್ಲಿ ಭತ್ತದ ತೆನೆಯ ಚಿತ್ರ, ಕೆಳಗೆ ಹಸಿರು ಗುಂಡಿ. ಮೌಸಿನಿಂದ ಗುಂಡಿ ಒತ್ತಿದರೆ ಪಾಳಿ ಬರುತ್ತದೆ. ಆ ತೆನೆ ಬಿಡಿಸಲು ನನಗೆ ಮೂರು ಸಂಜೆ ಹಿಡಿಯಿತು.

ಸಿಂಧನೂರಿನ ಬಸ್ಸಿನ ಕಂಡಕ್ಟರ್ ವೆಂಕೋಬ ನನಗೆ ಪರಿಚಯ. ಅವರ ಕೈಯಲ್ಲಿ ಫ್ಲಾಪಿ ಕಳಿಸುತ್ತೇನೆ. ನಮ್ಮ ಸೆಂಟರಿನ ಸಾಹೇಬರೂ ಈ ಕೆಲಸಕ್ಕೆ ಭಾಳ ಬೆಂಬಲ ಕೊಡುತ್ತಾರೆ.

ನಿಮ್ಮ ಶಿಷ್ಯ,
ಪಂಪಣ್ಣ

*

ಸಿಂಧನೂರು
5 ಸೆಪ್ಟೆಂಬರ್ 1999

ಪಂಪಣ್ಣ,

ಇವತ್ತು ಶಿಕ್ಷಕರ ದಿನ. ಟೈಪಿಂಗ್ ಕಲಿಸುವವರನ್ನು ಯಾರೂ ನೆನೆಯುವುದಿಲ್ಲ. ನೀನು ಕಾಣಿಕೆ ಕಳಿಸಿದೆ ಎಂದುಕೊಂಡು ವೆಂಕೋಬ ಕೊಟ್ಟ ಫ್ಲಾಪಿಯನ್ನು ಹಾಕಿದೆ. ಏನೂ ಆಗಲಿಲ್ಲ. ನೀನು ಚೀಟಿಯಲ್ಲಿ ಬರೆದಂತೆ ಜಾವಾ ಓಡಿಸುವ ಸಾಮಾನನ್ನೂ ಮಷಿನ್ ಮಾರಿದವನಿಂದ ಹಾಕಿಸಿದೆ. ಆಮೇಲೆ ಮಷಿನ್ ಗರ್ರೆಂದು ತಿರುಗುತ್ತಾ ಕುಳಿತಿತು. ನಾನು ಚಹಾ ಕಾಸಿ ಕುಡಿದು, ಕಪ್ಪು ತೊಳೆದಿಟ್ಟು ಬಂದರೂ ನಿನ್ನ ಕಿಟಕಿ ತೆರೆದಿರಲಿಲ್ಲ. ಕೊನೆಗೆ ಮೆಮೊರಿ ಸಾಲದು ಎಂದು ಇಂಗ್ಲಿಷಿನಲ್ಲಿ ಬರೆದು ನಿಂತುಬಿಟ್ಟಿತು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನ ಮಷಿನ್ ಒಳ್ಳೆಯದಲ್ಲ. ರಾಯಚೂರಿನಲ್ಲಿ ಬೀಜದ ಕಂಪನಿಯೊಂದು ಬಾಗಿಲು ಹಾಕಿದಾಗ ಮಾರಿದ ಹಳೆಯ ನಾನೂರ ಎಂಬತ್ತಾರು ಮಾದರಿಯದು. ಮೆಮೊರಿ ಎಂಟು ಎಂಬಿ. ವಿಂಡೋಸ್ ಇಲ್ಲ. ಮಾರಿದವನು ಪತ್ರಿಕೆಯ ಜೊತೆ ಪುಕ್ಕಟೆ ಬರುವ ಸಿಡಿಯಿಂದ ಲಿನಕ್ಸ್ ಎಂಬುದನ್ನು ತುಂಬಿಕೊಟ್ಟ. ಕಪ್ಪು ಪರದೆ, ಬಿಳಿ ಅಕ್ಷರ. ಶಿಷ್ಯನ ಮುಂದೆ ಹೇಳಲು ನಾಚಿಕೆಯಾಗಿತ್ತು.

ಎಲ್ಲಾ ಕಡೆ ಓಡುತ್ತದೆ ಎಂದೆಯಲ್ಲ, ನಮ್ಮ ಮನೆಯಲ್ಲಿ ಕುಂಟುತ್ತಿದೆ. ಏನು ಮಾಡೋಣ ಬೇಗ ಹೇಳು. ನನ್ನ ಮುಖ ನೋಡಿದಾಗಲೆಲ್ಲ ಗಿಡ್ಡಪ್ಪ, “ಏನ್ ಟೀಚರ್ರೆ, ಕಂಪ್ಯೂಟರ್ ಇನ್ನಾ ಹಲ್ಲು ತಿಕ್ಕಾಕತ್ತೈತೇನು?” ಎನ್ನುತ್ತಾನೆ.

ಅಮರಮ್ಮ

*

ಲಿಂಗಸುಗೂರು
14 ಸೆಪ್ಟೆಂಬರ್ 1999

ಟೀಚರ್ ಅವರಿಗೆ ನಮಸ್ಕಾರಗಳು.

ನೀವು ಹೇಳಿದ್ದೇ ಒಳ್ಳೆಯದಾಯಿತು. ತಪ್ಪು ಮಷಿನ್ನಿನದೂ ಅಲ್ಲ, ನಿಮ್ಮದೂ ಅಲ್ಲ. ಜಾವಾದ ಸ್ವಭಾವವೇ ಹಾಗೆ.

ನಮ್ಮ ಕಡೆ ನಿಜಾಮರ ಕಾಲದ ಉರ್ದು ಕಾಗದಗಳು ಮನೆಮನೆಯಲ್ಲೂ ಇವೆಯಲ್ಲ? ಹೊಲದ ತಕರಾರು ಬಂದಾಗಲೆಲ್ಲ ಉರ್ದು ಬಲ್ಲ ಮುನ್ಷಿಯನ್ನು ಕರೆತಂದು, ಕೂಡಿಸಿ, ಚಹಾ ಕೊಟ್ಟು, ಒಂದೊಂದೇ ಸಾಲು ಓದಿಸಬೇಕು. ಜಾವಾ ಪ್ರೋಗ್ರಾಂ ಅಂಥ ಕಾಗದ. ಪ್ರತಿ ಸಲ ಓಡುವಾಗಲೂ ಅದಕ್ಕೊಬ್ಬ ಮುನ್ಷಿ ಬೇಕು. ನಿಮ್ಮ ಮಷಿನ್ನಿನಲ್ಲಿ ಮುನ್ಷಿ ಕುಳಿತರೆ ಬೇರೆ ಯಾರಿಗೂ ಜಾಗವಿಲ್ಲ.

ಈಗೊಂದು ಹೊಸ ದಾರಿ ಬಂದಿದೆ. ಜಿಸಿಜೆ ಎಂಬ ಕಂಪೈಲರ್. ಅದು ಇಡೀ ಕಾಗದವನ್ನು ಒಮ್ಮೆಗೇ ಮಷಿನ್ನಿನ ಸ್ವಂತ ಮಾತಿಗೆ ತಿರುಗಿಸಿಬಿಡುತ್ತದೆ. ಆಮೇಲೆ ಮುನ್ಷಿ ಬೇಕಿಲ್ಲ. ಪ್ರೋಗ್ರಾಂ ಲಿನಕ್ಸಿನಲ್ಲಿ ತಾನೇ ಎದ್ದು ಓಡುತ್ತದೆ. ಹೊಸ ಸಿಡಿ ತರಿಸಿದ್ದೇನೆ. ಲಿನಕ್ಸ್ ಇರುವ ಮಷಿನ್ನಿನಲ್ಲೇ ಈ ಕೆಲಸ ಆಗಬೇಕು, ಆದ್ದರಿಂದ ಸೆಂಟರಿನ ಒಂದು ಮಷಿನ್ನಿಗೆ ಲಿನಕ್ಸ್ ಹಾಕುತ್ತೇನೆ. ಸಾಹೇಬರು ಒಪ್ಪಿದ್ದಾರೆ.

ಒಂದೇ ದುಃಖ. ಈ ಕಂಪೈಲರಿಗೆ ಕಿಟಕಿ, ಗುಂಡಿ, ಚಿತ್ರ ಯಾವುದೂ ಬರುವುದಿಲ್ಲ. ನನ್ನ ಹಸಿರು ಗುಂಡಿ ಹೋಯಿತು. ಭತ್ತದ ತೆನೆಯೂ ಹೋಯಿತು. ಬರೀ ಅಕ್ಷರ ಹೊಡೆದು ಉತ್ತರ ಪಡೆಯುವ ಬೋಳು ಪ್ರೋಗ್ರಾಂ ಉಳಿಯುತ್ತದೆ. ನಿಮಗೆ ಅಂಥದ್ದನ್ನು ಕೊಡಲು ನನಗೆ ಮನಸ್ಸೇ ಬರುತ್ತಿಲ್ಲ.

ಪಂಪಣ್ಣ

*

ಸಿಂಧನೂರು
23 ಸೆಪ್ಟೆಂಬರ್ 1999

ಪಂಪಣ್ಣ,

ನಿನ್ನ ತೆನೆಗೆ ಬೆಂಕಿ ಹಾಕು. ಬೋಳು ಪ್ರೋಗ್ರಾಮೇ ನನಗೆ ಬೇಕು!

ಮೌಸ್ ಎಂಬುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಪ್ಪತ್ತು ವರ್ಷ ಹುಡುಗ ಹುಡುಗಿಯರಿಗೆ ಹತ್ತು ಬೆರಳಿನ ಪಾಠ ಹೇಳಿದವಳು ನಾನು, ಬಲಗೈಯಲ್ಲಿ ಸಾಬೂನಿನಂಥದ್ದೊಂದನ್ನು ಹಿಡಿದು ಮೇಜು ಉಜ್ಜಬೇಕೇ? ಅಕ್ಷರ ಹೊಡೆಯುವುದಾದರೆ ಹೇಳು, ಕಣ್ಣು ಮುಚ್ಚಿ ಹೊಡೆಯುತ್ತೇನೆ. ನೀನು ದುಃಖ ಎಂದು ಬರೆದ ಸಾಲನ್ನು ಕ್ಲಾಸಿನ ಹುಡುಗಿಯರಿಗೆ ಓದಿ ಹೇಳಿದೆ, ಎಲ್ಲರೂ ನಕ್ಕರು.

ಪ್ರೋಗ್ರಾಮಿಗೆ ಕನ್ನಡ ಬರುವುದಿಲ್ಲ ಎಂದು ಫ್ಲಾಪಿಯ ಜೊತೆಗಿನ ಚೀಟಿಯಲ್ಲಿ ಹೇಳಿದ್ದೆಯಲ್ಲ, ಅದಕ್ಕೂ ಚಿಂತೆ ಬೇಡ. ಕಂಪ್ಯೂಟರ್ ವಾರ, ಗಂಟೆ, ಹೊಲದ ನಂಬರು ಕೊಡಲಿ. ಅದನ್ನು ನೋಡಿಕೊಂಡು ಹುಡುಗಿಯರು ಕನ್ನಡ ಟೈಪ್‌ರೈಟರಿನಲ್ಲಿ ರೈತರ ಹೆಸರು ಹಾಕಿ ಚೀಟಿ ಹೊಡೆಯುತ್ತಾರೆ. ಅವರಿಗೆ ಪ್ರಾಕ್ಟೀಸೂ ಆಯಿತು.

ನಿಮ್ಮ ಸಾಹೇಬರು ದೊಡ್ಡ ಮನಸ್ಸಿನವರು. ಪರರ ಕೆಲಸಕ್ಕೆ ತಮ್ಮ ಮಷಿನ್ ಬಿಟ್ಟುಕೊಡುವವರು ಈ ಕಾಲದಲ್ಲಿ ಎಲ್ಲಿದ್ದಾರೆ? ಸಂಘದ ಪರವಾಗಿ ಅವರಿಗೊಂದು ಧನ್ಯವಾದದ ಪತ್ರ ಬರೆಯುತ್ತೇನೆ. ಹೆಸರು, ಪದವಿ ಸರಿಯಾಗಿ ತಿಳಿಸು.

ಅಮರಮ್ಮ

*

ಮಸ್ಕಿ
6 ಅಕ್ಟೋಬರ್ 1999

ಟೀಚರ್ ಅವರಿಗೆ ನಮಸ್ಕಾರಗಳು.

ಸಾಹೇಬರಿಗೆ ಪತ್ರ ಬೇಡ. ಅವರಿಗೆ ಹೊಗಳಿಕೆ ಹಿಡಿಸುವುದಿಲ್ಲ.

ನಾನು ಈಗ ಹೆಚ್ಚಾಗಿ ಮಸ್ಕಿಯಲ್ಲಿರುತ್ತೇನೆ. ಬಸ್ ಸ್ಟ್ಯಾಂಡಿನ ಎದುರಿಗೆ ಗೆಳೆಯ ಮೈಲಾರಲಿಂಗಪ್ಪ ಲಗ್ನಪತ್ರಿಕೆ ಮಾಡಿಕೊಡುವ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಗಿರಾಕಿಗಳು ಬರುವ ಮುಂಚೆ ಬೆಳಿಗ್ಗೆ ನನಗೆ ಮಷಿನ್ ಬಿಡುತ್ತಾನೆ. ಅವನನ್ನು ಕೇಳಿ ಅದರಲ್ಲೂ ಒಂದು ಭಾಗಕ್ಕೆ ಲಿನಕ್ಸ್ ಹಾಕಿದ್ದೇನೆ. ಬದಲಿಗೆ ಮಧ್ಯಾಹ್ನ ಅವನ ಪತ್ರಿಕೆಗಳನ್ನು ಟೈಪ್ ಮಾಡಿಕೊಡುತ್ತೇನೆ. ಇನ್ನು ಮುಂದೆ ಪತ್ರವನ್ನು ಇಲ್ಲಿಗೇ ಬರೆಯಿರಿ, ಬೇಗ ತಲುಪುತ್ತದೆ.

ಪ್ರೋಗ್ರಾಂ ತಿರುಗಿಸಿದೆ ಟೀಚರ್! ಮೊದಲ ಸಲ ಹೊಡೆದಾಗ ತಪ್ಪುಗಳ ಸಾಲೇ ಬಂತು. ಒಂದೊಂದೇ ತಿದ್ದಿದೆ. ನಿನ್ನೆ ಪ್ರೋಗ್ರಾಮಿನ ಹೆಸರು ಹೊಡೆದು ಎಂಟರ್ ಒತ್ತಿದೆನೋ ಇಲ್ಲವೋ, ಪಾಳಿಯೆಲ್ಲ ಕಣ್ಣ ಮುಂದೆ. ನಾನು ಕೂಗಿದ ಕೂಗಿಗೆ ಮೈಲಾರಲಿಂಗಪ್ಪ ಕರೆಂಟ್ ಹೊಡೆಯಿತೆಂದು ಓಡಿಬಂದ.

ಫ್ಲಾಪಿಯನ್ನು ವೆಂಕೋಬನ ಕೈಯಲ್ಲಿ ಕೊಟ್ಟಿದ್ದೇನೆ. ಇದಕ್ಕೆ ಮುನ್ಷಿ ಬೇಡ, ಏನೂ ಬೇಡ.

ಪಂಪಣ್ಣ

*

ಸಿಂಧನೂರು
11 ಅಕ್ಟೋಬರ್ 1999

ಪಂಪಣ್ಣ,

ಏನೂ ಬೇಡ ಎಂದೆ. ಅದು ಬೇಕು ಎನ್ನುತ್ತಿದೆ. ಎಂಟರ್ ಒತ್ತಿದ ಕೂಡಲೇ ಯಾವುದೋ ಲೈಬ್ರರಿ ಸಿಗಲಿಲ್ಲ ಎಂದು ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಆ ಸಾಲನ್ನು ಇದ್ದದ್ದು ಇದ್ದಂತೆ ಬೇರೆ ಹಾಳೆಯಲ್ಲಿ ಹೊಡೆದು ಇದರ ಜೊತೆ ಇಟ್ಟಿದ್ದೇನೆ.

ನಿನ್ನ ಅಂಗಡಿಯಲ್ಲಿ ಓಡಿದ್ದು ನನ್ನ ಮನೆಯಲ್ಲಿ ಯಾಕೆ ಓಡುವುದಿಲ್ಲ? ದೀಪಾವಳಿಗೆ ತಿಂಗಳೂ ಉಳಿದಿಲ್ಲ. ಆದೆಪ್ಪ ಮೊನ್ನೆ ಬಂದು ಏನನ್ನೂ ಕೇಳದೆ, ಮಷಿನ್ ಮುಂದೆ ಸ್ವಲ್ಪ ಹೊತ್ತು ಕುಳಿತು ಹೋದ. ಅವನು ಕೇಳಿದ್ದರೇ ಚೆನ್ನಾಗಿತ್ತು.

ಅಮರಮ್ಮ

*

ಮಸ್ಕಿ
17 ಅಕ್ಟೋಬರ್ 1999

ಟೀಚರ್ ಅವರಿಗೆ,

ತಪ್ಪು ನನ್ನದೇ, ಬೈಯಿರಿ. ಪ್ರೋಗ್ರಾಮನ್ನು ಮಷಿನ್ನಿನ ಮಾತಿಗೆ ತಿರುಗಿಸಿದ್ದು ನಿಜ. ಆದರೆ ತಾರೀಖು ಲೆಕ್ಕ ಹಾಕುವುದು, ಅಕ್ಷರ ಜೋಡಿಸುವುದು ಇಂಥ ನೂರು ಸಣ್ಣ ಕೆಲಸಗಳಿಗೆ ಜಿಸಿಜೆಯದೇ ಒಂದು ಸಾಮಾನಿನ ಗಂಟು ಇದೆ. ಅದಕ್ಕೇ ಲೈಬ್ರರಿ ಎನ್ನುತ್ತಾರೆ. ಅಂಗಡಿಯ ಮಷಿನ್ನಿನಲ್ಲಿ ಗಂಟು ಇತ್ತು, ನನ್ನ ಪ್ರೋಗ್ರಾಂ ಸದ್ದಿಲ್ಲದೆ ಅದನ್ನೇ ಬಳಸಿಕೊಳ್ಳುತ್ತಿತ್ತು. ನಿಮ್ಮಲ್ಲಿ ಅದು ಇಲ್ಲ.

ಗುರುಗುಂಟಾದಿಂದ ನಮ್ಮಪ್ಪ ಕುರಿ ಹೊಡೆದುಕೊಂಡು ಹೊರಟಾಗ ಹಿಟ್ಟು, ಉಪ್ಪು, ಖಾರ, ಕಲ್ಲಿನ ಒರಳನ್ನೂ ಕುದುರೆಯ ಮೇಲೆ ಹೇರಿಕೊಂಡೇ ಹೋಗುತ್ತಿದ್ದ. ಮುಂದಿನ ಊರಲ್ಲಿ ಉಪ್ಪು ಸಿಗಬಹುದು ಎಂದು ನಂಬಿದವನಲ್ಲ. ಅವನ ಮಗನಾಗಿ ನಾನು ಬುತ್ತಿ ಕಟ್ಟದೆ ಕಳಿಸಿದೆ.

ಈಗ ಆ ಗಂಟನ್ನೆಲ್ಲ ಪ್ರೋಗ್ರಾಮಿನ ಹೊಟ್ಟೆಯೊಳಗೇ ಸೇರಿಸಿ ಕಟ್ಟಿದ್ದೇನೆ. ಎಮ್ಮೆಯಷ್ಟು ದಪ್ಪವಾಗಿದೆ, ಒಂದು ಫ್ಲಾಪಿಯಲ್ಲಿ ಹಿಡಿಯಲಿಲ್ಲ. ತುಂಡು ಮಾಡಿ ಮೂರು ಫ್ಲಾಪಿಯಲ್ಲಿ ಕಳಿಸಿದ್ದೇನೆ. ಕೂಡಿಸುವ ಸಾಲು ಚೀಟಿಯಲ್ಲಿದೆ, ಇದ್ದಂತೆಯೇ ಹೊಡೆಯಿರಿ. ಈ ಸಲ ಕಳಿಸುವ ಮುಂಚೆ ಅಂಗಡಿಯ ಮಷಿನ್ನಿನಲ್ಲಿದ್ದ ಗಂಟನ್ನು ಅಳಿಸಿ, ನಿಮ್ಮ ಮನೆಯಂತೆಯೇ ಬರಿದು ಮಾಡಿ, ಓಡಿಸಿ ನೋಡಿದ್ದೇನೆ.

ಪಂಪಣ್ಣ

*

ಸಿಂಧನೂರು
26 ಅಕ್ಟೋಬರ್ 1999

ಪಂಪಣ್ಣ, ನನ್ನಪ್ಪ,

ಓಡಿತು!

ಮೂರು ತುಂಡನ್ನು ಕೂಡಿಸಿ ಎಂಟರ್ ಒತ್ತಿದೆ. ಹೊಲದ ನಂಬರು ಕೇಳಿತು, ಕೊಟ್ಟೆ. ನೀರು ಬಿಡುವ ದಿನ ಕೇಳಿತು, ಕೊಟ್ಟೆ. ಬಿಳಿ ಅಕ್ಷರದಲ್ಲಿ ಸಾಲುಸಾಲಾಗಿ ಪಾಳಿ ಇಳಿಯಿತು. ಕ್ಲಾಸಿನ ಮೈಮುನಾಬಿ ಕಿಟಾರನೆ ಕಿರುಚಿದಳು. ನಾನು ಸುಮ್ಮನಿದ್ದೆ ಎಂದು ತಿಳಿಯಬೇಡ, ಕುರ್ಚಿಯಲ್ಲೇ ಕುಳಿತು ಅತ್ತೆ. ನಡುವೆ ನೀರು ಬಂದ್ ಆಯಿತು ಎಂದೂ ಹೇಳಿ ನೋಡಿದೆ. ತಡವೇ ಇಲ್ಲ, ಮುಂದಿನದನ್ನೆಲ್ಲ ಸರಿಸಿ ಹೊಸ ಪಾಳಿ ಕೊಟ್ಟಿತು.

ಹುಡುಗಿಯರು ಚೀಟಿ ಹೊಡೆಯುತ್ತಿದ್ದಾರೆ. ಟೈಪ್‌ರೈಟರುಗಳ ಸದ್ದಿಗೆ ಪಕ್ಕದ ಮನೆಯ ಚಾಂದ್‌ಬೀ ಬಂದು, “ಏನ್ರೀ, ಎಲೆಕ್ಷನ್ ಬಂತೇನು ಮತ್ತ?” ಎಂದು ಕೇಳಿದಳು.

ನಿಮ್ಮ ಸಾಹೇಬರಿಗೆ ಹೊಗಳಿಕೆ ಹಿಡಿಸದಿದ್ದರೂ ನನ್ನ ನಮಸ್ಕಾರ ತಿಳಿಸು. ನಿನಗೆ ಏನು ಹೇಳಲಿ? ಎರಡು ಬೆರಳಿನಲ್ಲೇ ಹೊಡೆ, ಇನ್ನು ನಾನು ಬೈಯುವುದಿಲ್ಲ.

ಅಮರಮ್ಮ

*

ಸಿಂಧನೂರು
18 ನವೆಂಬರ್ 1999

ಪಂಪಣ್ಣ,

ಈ ಪತ್ರವನ್ನು ಬೇಕೆಂದೇ ನಿನ್ನ ಸೆಂಟರಿಗೆ ಕಳಿಸುತ್ತಿದ್ದೇನೆ. ಶಿಷ್ಯ ಎಂಥ ಕೆಲಸ ಮಾಡಿಕೊಟ್ಟ ಎಂದು ನಿಮ್ಮ ಸಾಹೇಬರಿಗೂ ಗೊತ್ತಾಗಲಿ. ವೆಂಕೋಬನ ಕೈಯಲ್ಲಿ ಕೊಡುತ್ತೇನೆ, ಅಂಚೆಯವರಿಗೆ ಕಾಯುವಷ್ಟು ತಾಳ್ಮೆ ನನಗಿಲ್ಲ.

ಪಾಳಿ ಕೆಟ್ಟಿತು. ಹಗಲಿನ ಪಾಳಿಯವರಿಗೆಲ್ಲ ನೀರು ಸಿಕ್ಕಿತು. ರಾತ್ರಿಯ ಪಾಳಿಯಲ್ಲಿ ಎಷ್ಟೋ ಜನ ಬರಲೇ ಇಲ್ಲ. ಮರುದಿನ ಬಂದು ನಮ್ಮ ನೀರೆಲ್ಲಿ ಎಂದರು. ಅಷ್ಟರಲ್ಲಿ ಅದು ಬೇರೆಯವರ ಪಾಳಿ. ತೂಬಿನ ಹತ್ತಿರ ಬಡಿಗೆ ಎತ್ತಿದರು, ಹಿರಿಯರು ನಡುವೆ ಬಿದ್ದದ್ದಕ್ಕೆ ತಲೆ ಒಡೆಯಲಿಲ್ಲ. ನೀರು ತಪ್ಪಿದವರಲ್ಲಿ ನನ್ನ ತಮ್ಮನೂ ಒಬ್ಬ. ತೆನೆ ಹಾಲು ತುಂಬುವ ಹೊತ್ತು ಪಂಪಣ್ಣ. ಇನ್ನೊಂದು ಪಾಳಿ ತಪ್ಪಿದರೆ ಹೋದ ವರ್ಷದಂತೆ ಜೊಳ್ಳೇ ಗತಿ.

ನಾಡಿದ್ದು ಮೀಟಿಂಗ್. ನಿನ್ನ ಪ್ರೋಗ್ರಾಮಿಗೆ ದಿನ ಎಣಿಸಲೂ ಬರುವುದಿಲ್ಲವೇ? ನಾನು ನಿನ್ನನ್ನು ನಂಬಿ ಅಷ್ಟು ಗಂಡಸರ ನಡುವೆ ಎದ್ದು ನಿಂತಿದ್ದೆ.

ಅಮರಮ್ಮ

*

ಮಸ್ಕಿ
19 ನವೆಂಬರ್ 1999

ಟೀಚರ್ ಅವರಿಗೆ ನಮಸ್ಕಾರಗಳು.

ದೀಪಾವಳಿಗೆ ಊರಿಗೆ ಹೋಗಿದ್ದೆ, ಅದಕ್ಕೇ ಬರೆಯುವುದು ತಡವಾಯಿತು. ಪಾಳಿ ಶುರುವಾಗಿರಬೇಕಲ್ಲ? ಇಲ್ಲಿ ಮೈಲಾರಲಿಂಗಪ್ಪ ಬಂದ ಗಿರಾಕಿಗಳಿಗೆಲ್ಲ, “ಇಂವ ಬರದದ್ದು ಸಿಂಧನೂರಾಗ ಕಾಲುವಿ ನಡಸಾಕತ್ತೈತ್ರೀ” ಎಂದು ಹೇಳುತ್ತಾನೆ. ನಾನು ಬೇಡ ಎನ್ನುವುದಿಲ್ಲ. ನಿಜ ಹೇಳಬೇಕೆಂದರೆ, ಈ ಎರಡು ತಿಂಗಳಲ್ಲಿ ನನಗೆ ಧೈರ್ಯ ಬಂದದ್ದು ಆ ಒಂದು ಮಾತಿನಿಂದಲೇ.

ಆದೆಪ್ಪನವರ ಭತ್ತ ಹೇಗಿದೆ? ಒಂದು ತೆನೆ ವೆಂಕೋಬನ ಕೈಯಲ್ಲಿ ಕಳಿಸಿ. ನಾನು ಬಿಡಿಸಿದ್ದು ಸರಿಯಿತ್ತೋ ಇಲ್ಲವೋ ನೋಡಬೇಕು.

ಪಂಪಣ್ಣ

*

ಸಿಂಧನೂರು
22 ನವೆಂಬರ್ 1999

ಪಂಪಣ್ಣ,

ನಿನ್ನ ಪತ್ರ ಬಂತು. ತೆನೆ ಕಳಿಸಿ ಎಂಬ ಸಾಲು ಓದಿ, ಕನ್ನಡಕ ತೆಗೆದಿಟ್ಟೆ.

ಅದಕ್ಕೂ ಮೊದಲು ವೆಂಕೋಬ ನನ್ನ ಪತ್ರವನ್ನು ತಿರುಗಿ ತಂದಿದ್ದ. “ಸೆಂಟರ್‌ದಾಗ ಪಂಪಣ್ಣ ಇಲ್ಲಂತ್ರೀ. ಮಾಲಕರಿಗೆ ಹೇಳಲಾರದ ಮಷಿನ್ಯಾಗಿನ ವಿಂಡೋಸ್ ಅಳಿಸಿಬಿಟ್ಟಾನಂತ, ಅದಕ್ಕ ಸೆಪ್ಟೆಂಬರ್‌ದಾಗ ಬಿಡಿಸ್ಯಾರಂತ. ನಿಮಗ ಗೊತ್ತಿಲ್ಲೇನ್ರೀ?” ಎಂದ. ನನಗೆ ಗೊತ್ತಿರಲಿಲ್ಲ. ನಾನು ಅವರಿಗೆ ಧನ್ಯವಾದದ ಪತ್ರ ಬರೆಯಲು ಹೊರಟಿದ್ದೆನಲ್ಲ! ಆ ಮಷಿನ್ ಅಳಿಸಿದ್ದು ನನ್ನ ಕೆಲಸಕ್ಕಾಗಿ. ನೀನು ಒಂದು ಮಾತೂ ಆಡಲಿಲ್ಲ. ಸಿಟ್ಟಿನ ಪತ್ರವನ್ನೂ ಇದರ ಜೊತೆಗೇ ಇಟ್ಟಿದ್ದೇನೆ. ಓದು. ಬರೆದಾಗ ಅದು ನಿಜವೇ ಆಗಿತ್ತು. ಈಗ ಸಿಟ್ಟು ಇರುವುದು ನೀನು ಮುಚ್ಚಿಟ್ಟದ್ದಕ್ಕೆ ಮಾತ್ರ.

ಈಗ ಮುಖ್ಯವಾದದ್ದು ಕೇಳು. ಮೀಟಿಂಗಿನ ಹಿಂದಿನ ದಿನ ವಳಕಮದಿನ್ನಿಗೆ ಹೋದೆ. ಆದೆಪ್ಪನ ಮುಂದೆ ಚೀಟಿ ಹಿಡಿದು, “ಮಂಗಳವಾರ ರಾತ್ರಿ ಎರಡು ಗಂಟೇಕ ಅಂತ ಬರದೈತಿ. ನೀ ಯಾಕ ಹೋಗಲಿಲ್ಲೋ?” ಎಂದು ಕೇಳಿದೆ.

“ಹೋಗೀನಲ್ಲಕ್ಕಾ! ಮಂಗಳವಾರ ಹೊತ್ತು ಮುಣುಗಿತು, ಉಂಡೆ, ಎರಡಕ್ಕ ಹೋದೆ. ನಿನ್ನ ಪಾಳಿ ನಿನ್ನೇನ ಮುಗದೈತಿ ಅಂದ ಗಿಡ್ಡಪ್ಪ.”

ನನಗೆ ಇನ್ನೂ ತಿಳಿಯಲಿಲ್ಲ. ನಡುರಾತ್ರಿ ಹನ್ನೆರಡಕ್ಕೆ ದಿನ ಬದಲಾಗುತ್ತದೆ, ಆದ್ದರಿಂದ ಸೋಮವಾರ ಮಲಗಿ ಎದ್ದರೆ ಎರಡು ಗಂಟೆಗೆ ಮಂಗಳವಾರವೇ ಎಂದೆ. ತಮ್ಮನ ಹೆಂಡತಿ ಬಸವಣ್ಣೆಮ್ಮ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಹೊತ್ತು ಹುಟ್ಟಲಾರದ ದಿನ ಹೆಂಗ ಹುಟ್ಟತೈತ್ರೀ ವೈನಿ?”

ಅಷ್ಟೇ. ನಮ್ಮ ಊರುಗಳಲ್ಲಿ ಕೋಳಿ ಕೂಗಿ ಹೊತ್ತು ಮೂಡುವವರೆಗೂ ಸೋಮವಾರದ ರಾತ್ರಿ ಸೋಮವಾರದ್ದೇ. ಗುಮಾಸ್ತರು ಕೈಯಲ್ಲಿ ಬರೆಯುವಾಗ ಹಾಗೆಯೇ ಬರೆಯುತ್ತಿದ್ದರು, ಯಾರೂ ಅದನ್ನು ನಿಯಮ ಎಂದು ಹೇಳಿರಲಿಲ್ಲ. ಕಂಪ್ಯೂಟರಿಗೆ ಯಾರು ಹೇಳಬೇಕು? ನೀನು ಕುರಿಗಾರನ ಮಗ, ನಾನು ರೈತನ ಮಗಳು, ಇಬ್ಬರೂ ಗಡಿಯಾರ ನೋಡಿ ಕೆಟ್ಟೆವು.

ಮೀಟಿಂಗಿನಲ್ಲಿ ಇದನ್ನೇ ಹೇಳಿದೆ. ಕೆಲವರು ಮಷಿನ್ ಎತ್ತಿ ಕಾಲುವೆಗೆ ಹಾಕಿ ಎಂದರು. ಆಗ ಎದ್ದವನು ಯಾರು ಗೊತ್ತೇ? ಗಿಡ್ಡಪ್ಪ!

“ತಮ್ಮನ ಕಡೆ ವಾಲತೈತಿ ಅಂದಿದ್ದೆ ನಾ. ಅದು ಮೊದಲ ಮಾಡಿದ್ದು ತಮ್ಮನ ನೀರು ತಪ್ಪಿಸಿದ್ದು. ಯಾರ ಮುಲಾಜೂ ಇಲ್ಲ ಅದಕ್ಕ. ಇನ್ನೊಂದು ಪಾಳಿ ನೋಡೂಣು” ಎಂದ. ಎಲ್ಲರೂ ನಕ್ಕರು. ಇನ್ನೊಂದು ಪಾಳಿ ಸಿಕ್ಕಿತು.

ಅದು ಇದೇ ತಿಂಗಳ ಕೊನೆಗೆ. ಹೊತ್ತು ಹುಟ್ಟುವಾಗ ದಿನ ಹುಟ್ಟುವಂತೆ ಪ್ರೋಗ್ರಾಂ ತಿದ್ದಿಕೊಡು. ಬುತ್ತಿ ಕಟ್ಟಿ ಕಳಿಸು.

ಅಮರಮ್ಮ

*

ಮಸ್ಕಿ
25 ನವೆಂಬರ್ 1999

ಟೀಚರ್ ಅವರಿಗೆ,

ಮೂರು ಫ್ಲಾಪಿ ವೆಂಕೋಬನ ಕೈಯಲ್ಲಿವೆ. ಈಗ ಬೆಳಗಿನ ಆರು ಗಂಟೆಗೆ ವಾರ ಬದಲಾಗುತ್ತದೆ. ಅದಕ್ಕೆ ಮುಂಚಿನ ಹೊತ್ತಿಗೆಲ್ಲ ಹಿಂದಿನ ವಾರದ ಹೆಸರೇ ಬರುತ್ತದೆ. ತಿದ್ದಿದ್ದು ನಾಲ್ಕು ಸಾಲು, ತಿರುಗಿಸಿದ್ದು ಒಂದು ಬೆಳಿಗ್ಗೆ. ಬಸವಣ್ಣೆಮ್ಮ ಅವರ ಮಾತನ್ನು ಮೈಲಾರಲಿಂಗಪ್ಪನಿಗೆ ಹೇಳಿದೆ. ಅವನು, “ಹೌದಲ್ಲೋ, ಮತ್ತ ಹೆಂಗ ಹುಟ್ಟತೈತಿ?” ಎಂದು ನನ್ನನ್ನೇ ಕೇಳಿದ.

ಸೆಂಟರಿನ ವಿಷಯ. ಭಾನುವಾರ ಯಾರೂ ಇಲ್ಲದಾಗ ಲಿನಕ್ಸ್ ಹಾಕಿದೆ. ವಿಂಡೋಸಿಗೆ ಅರ್ಧ ಜಾಗ ಉಳಿಸಿದ್ದೇನೆ ಎಂದುಕೊಂಡಿದ್ದೆ, ಉಳಿದಿರಲಿಲ್ಲ. ಕೇಳದೆ ಮಾಡಿದ್ದು ನಾನು, ಬಿಡಿಸಿದ್ದರಲ್ಲಿ ಸಾಹೇಬರ ತಪ್ಪಿಲ್ಲ. ನಿಮಗೆ ಹೇಳಿದ್ದರೆ ಪ್ರೋಗ್ರಾಂ ಬೇಡ ಎನ್ನುತ್ತಿದ್ದಿರಿ. ಕೆಲಸ ಹೋದದ್ದು ಒಂದು, ಇದೂ ಹೋಗಿದ್ದರೆ ನನ್ನ ಹತ್ತಿರ ಏನಿತ್ತು ಟೀಚರ್? ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಳಲು ಭಯ.

ನಿಮ್ಮ ಸಿಟ್ಟಿನ ಪತ್ರವನ್ನೂ ಓದಿದೆ. ಅದರಲ್ಲೂ ಒಂದು ಅಕ್ಷರ ತಪ್ಪಿಲ್ಲದೆ ಟೈಪ್ ಮಾಡಿದ್ದೀರಿ.

ಪಂಪಣ್ಣ

*

ಸಿಂಧನೂರು
12 ಡಿಸೆಂಬರ್ 1999

ಪಂಪಣ್ಣ,

ಮೊದಲು ನಿನ್ನ ವಿಷಯ, ಆಮೇಲೆ ನೀರಿನ ವಿಷಯ.

ಅಪ್ಪನಿಗೆ ಹೀಗೆ ಹೇಳು: ಹೊಸ ವರ್ಷದಿಂದ ಸಿಂಧನೂರಿನ ಅಮರಮ್ಮ ಟೀಚರ್ ಜೊತೆ ಸೇರಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ ಎಂದು. ಟೈಪಿಂಗ್ ನನ್ನದು, ಕಂಪ್ಯೂಟರ್ ನಿನ್ನದು, ಬೋರ್ಡಿನಲ್ಲಿ ಎರಡೂ ಹೆಸರು. ಮೈಮುನಾಬಿ ಜಾವಾ ಕಲಿಯಬೇಕೆಂದು ದಿನವೂ ನನ್ನ ತಲೆ ತಿನ್ನುತ್ತಾಳೆ. ಪಕ್ಕದ ಮೂರು ಉಪಕಾಲುವೆಯವರೂ ಪಾಳಿ ಹಾಕಿಕೊಡಿ ಎಂದು ಬಂದು ಹೋಗಿದ್ದಾರೆ. ಇಲ್ಲಿ ಯಾವ ಮಷಿನ್ ಅಳಿಸಬೇಕಾದರೂ ನನ್ನನ್ನು ಕೇಳಿ ಅಳಿಸು. ದಯೆ ಎಂದು ತಿಳಿಯಬೇಡ, ನನಗೆ ನೀನು ಬೇಕು. ಬಾ.

ಇನ್ನು ನೀರು. ಪಾಳಿಯ ನಡುವೆ ಕಾಲುವೆಯ ದಂಡೆ ಕುಸಿದು ನೀರು ಬಂದ್ ಆಯಿತು. ಮಧ್ಯಾಹ್ನ ಸುದ್ದಿ ಬಂತು. ಸಂಜೆಯ ಬಸ್ಸಿಗೆ ಹೊಸ ಚೀಟಿಗಳು ಊರೂರಿಗೆ ಹೋದವು. ಆದೆಪ್ಪನ ಪಾಳಿ ಮತ್ತೆ ರಾತ್ರಿಗೇ ಬಿತ್ತು. ಗುರುವಾರ ರಾತ್ರಿ ಮೂರು ಗಂಟೆಗೆ. ಬೇಕಾದರೆ ಹಗಲಿಗೆ ಬದಲಿಸಿಬಿಡಬಹುದಿತ್ತು, ಮಷಿನ್ ನನ್ನ ಮನೆಯಲ್ಲೇ ಇತ್ತು. ಕೈ ಹಚ್ಚಲಿಲ್ಲ. ಆ ರಾತ್ರಿ ನನಗೆ ನಿದ್ದೆಯೂ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಆದೆಪ್ಪ ಸೈಕಲ್ ತುಳಿದುಕೊಂಡು ಇಲ್ಲಿಗೇ ಬಂದ. ಮೊಣಕಾಲವರೆಗೂ ಕೆಸರು. ನಾನು ಏನಾಯಿತೋ ಎಂದು ಎದ್ದು ನಿಂತೆ.

“ಗಿಡ್ಡಪ್ಪ ತೂಬಿನ ಮ್ಯಾಲ ಕುಂತಿದ್ದ, ಅಕ್ಕಾ. ನಾ ಬಡಿಗಿ ತಗೊಂಡ ಹೋಗಿದ್ದೆ, ಸುಳ್ಳ್ಯಾಕ ಹೇಳ್ಲಿ. ಅಂವ ಬ್ಯಾಟ್ರಿ ಹಚ್ಚಿ ತನ್ನ ಚೀಟಿ ನೋಡಿದ, ನನ್ನ ಚೀಟಿ ಇಸಗೊಂಡು ನೋಡಿದ. ಎದ್ದು ತಾನ ತನ್ನ ತೂಬು ಮುಚ್ಚಿದ. ‘ಬಿಡ್ಕೊಳೋ, ನಿಂದೈತಿ’ ಅಂದ.”

“ನೀ ಏನಂದಿ?”

“ಏನನ್ಲಿ? ಏಳೆಂಟು ವರ್ಷದಿಂದ ಅವನ ಜೋಡಿ ಜಗಳಾ ಬಿಟ್ರ ಬ್ಯಾರೆ ಮಾತಾಡಿಲ್ಲ ನಾ. ಬೀಡಿ ಐತೇನು ಅಂದೆ. ಕೊಟ್ಟ.”

ಇಬ್ಬರೂ ತೂಬಿನ ಕಟ್ಟೆಯ ಮೇಲೆ ಕುಳಿತರಂತೆ. ನೀರು ಕಟ್ಟಕಡೆಯ ಮಡಿಗೆ ಮುಟ್ಟಿ, ಹೊತ್ತು ಹುಟ್ಟಿ ಶುಕ್ರವಾರವಾಗುವವರೆಗೂ ಗಿಡ್ಡಪ್ಪ ಮನೆಗೆ ಹೋಗಲಿಲ್ಲವಂತೆ.

ಅಮರಮ್ಮ